ಗೊಂಬೀಕ್‌ಗೆ ಊರು ತೋರಿಸಿದ ಅಂಚೆಯವಳು

ಓಟಿಲಿಯಾ ಕ್ರಾಯ್ನಾಕೋವಾ ಬ್ರೆಜೋವ್ಕಾದ ಅಂಚೆಯವಳು. ತಾತ್ರಾ ಬೆಟ್ಟಗಳ ಬುಡದಲ್ಲಿ ಚದುರಿಬಿದ್ದ ಆ ಊರಿನ ಮನೆಮನೆಗೂ ಕಾಗದ, ಪಿಂಚಣಿ, ಔಷಧಿಯ ಪೊಟ್ಟಣ ಹೊತ್ತು ತಿರುಗುವುದರಲ್ಲೇ ಅವಳ ಯೌವನ ಕಳೆದಿತ್ತು. ಯಾರಿಗೆ ಯಾರ ಮೇಲೆ ಮುನಿಸು ಎಂಬುದು ಗೊತ್ತಿದ್ದ ಹಾಗೆಯೇ ಯಾವ ಗೇಟಿನ ಹಿಂದೆ ಯಾವ ನಾಯಿ ಹೊಂಚುಹಾಕಿ ಕೂತಿದೆ ಎಂಬುದೂ ಅವಳಿಗೆ ಗೊತ್ತಿತ್ತು. ನಾಯಿಗಳಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಕುರಿ ಸಾಕುವ ಮಾತೂಶನ ಬಿಳಿ ನಾಯಿ ಬೆಲಾ ಹಲ್ಲೂರಿದ ಗುರುತು ಅವಳ ಎಡಗಾಲಿನ ಮೀನಖಂಡದಲ್ಲಿ ಹಾಗೇ ಉಳಿದಿತ್ತು. ಬೀದಿಯಲ್ಲಿ ಎದುರಿಗೆ ನಾಯಿ ಬಂದರೆ ಅವಳು ಸದ್ದಿಲ್ಲದೆ ಆಚೆ ಬದಿಗೆ ದಾಟಿಬಿಡುತ್ತಿದ್ದಳು.

ಆ ವರ್ಷ ಕ್ರಿಸ್ಮಸ್‌ಗೆ ಮುಂಚೆಯೇ ಹಿಮ ಮೊಣಕಾಲುದ್ದ ಬಿದ್ದಿತ್ತು. ಮಾತೂಶನಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಪಟ್ಟಣದಲ್ಲಿದ್ದ ಮಗಳ ಮನೆಗೆ ಹೊರಟು ನಿಂತಿದ್ದ ಅವನು, ಕಾಗದ ಕೊಡಲು ಬಂದ ಓಟಿಲಿಯಾಳನ್ನು ಕೊಟ್ಟಿಗೆಗೆ ಕರೆದ. ಬೆಲಾಳನ್ನು ಆಚೆ ಕಟ್ಟಿಹಾಕಿದ್ದ. ಹುಲ್ಲಿನಲ್ಲಿ ಒಂದೇ ಒಂದು ಮರಿ ಮುದುಡಿ ಮಲಗಿತ್ತು.

"ಮಿಕ್ಕಿದ್ದನ್ನೆಲ್ಲ ಕುರಿಯವ್ರು ತಗೊಂಡೋದ್ರು. ಇದೊಂದು ಉಳೀತು," ಎಂದ ಮಾತೂಶ. "ಪಕ್ಕದ್ಮನೆಯವ್ರು ಕುರಿಗೆ ಮೇವು, ಬೆಲಾಗೆ ಊಟ ಹಾಕ್ತಾರೆ. ಮರಿ ಸಾಕೋಕೆ ಆಗಲ್ಲ ಅಂದ್ರು. ನೀನು ಇಟ್ಕೋತೀಯೇನಮ್ಮ?"

"ನಾನಾ? ಇದ್ರ ಅಮ್ಮ ನನ್ನ ಕಾಲು ತಿಂದಿದ್ದು ಮರ್ತೋಯ್ತಾ, ಮಾತೂಶ್ ಮಾವ?"

"ಮರ್ತಿಲ್ಲ. ಅದಕ್ಕೇ ಕೇಳ್ತಿರೋದು. ಬೆಲಾನೂ ಹಿಂಗೇ ಚಳಿಗಾಲದಲ್ಲಿ ಹುಟ್ಟಿದ್ದು. ವಸಂತ ಬರೋವರ್ಗೂ ನನ್ನ ಮುಖ ಬಿಟ್ರೆ ಇನ್ನೊಂದು ಮುಖ ಕಂಡಿರ್ಲಿಲ್ಲ. ಹಿಮ ಕರಗಿದ್ಮೇಲೆ ಗೇಟಿಗೆ ಬಂದ ಮೊದಲ್ನೇ ಹೊಸಬಳು ನೀನೇ. ಅದಕ್ಕೆ ಕೋಪ ಇರ್ಲಿಲ್ಲ ಕಣಮ್ಮ, ಜೀವ ಹೋಗೋಷ್ಟು ಭಯ ಇತ್ತು. ಇದನ್ನೂ ಕೊಟ್ಟಿಗೇಲಿ ಬಿಟ್ರೆ ಅದೇ ಗತಿ."

ಓಟಿಲಿಯಾ ಮರಿಯ ಪಕ್ಕ ಹುಲ್ಲಿನಲ್ಲಿ ಕುಕ್ಕರಿಸಿದಳು. ಅಷ್ಟು ವರ್ಷ ಆ ನಾಯಿ ತನ್ನನ್ನು ಕಂಡರೆ ಉರಿದುಬೀಳುತ್ತದೆ ಎಂದುಕೊಂಡಿದ್ದಳು. ಹೆದರಿದ್ದು ತಾನೊಬ್ಬಳೇ ಅಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಮರಿಯನ್ನು ಎತ್ತಿ ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿಕೊಂಡಳು. ಬಿಳಿ ಮೈಯಲ್ಲಿ ಕೋಟಿನ ಗುಂಡಿಗಳಂಥವೇ ಎರಡು ಕಪ್ಪು ಕಣ್ಣು. ಮನೆ ಸೇರುವಷ್ಟರಲ್ಲಿ ಅದಕ್ಕೆ ಗೊಂಬೀಕ್ ಎಂಬ ಹೆಸರಾಗಿತ್ತು. ಆ ಊರಿನ ಮಾತಿನಲ್ಲಿ ಗೊಂಬೀಕ್ ಎಂದರೆ ಗುಂಡಿಯೇ.

ಮರುದಿನ ಪಶುವೈದ್ಯೆ ಜೋರಾ ಮರಿಗೆ ಚುಚ್ಚುಮದ್ದು ಹಾಕಿ, "ಮುಂದಿನ ಚುಚ್ಚುಮದ್ದೂ ಆಗೋವರ್ಗೂ ಬೇರೆ ನಾಯಿಗಳು ಓಡಾಡೋ ನೆಲಕ್ಕೆ ಇಳಿಸ್ಬೇಡಿ. ಹಾಗಂತ ಮನೇಲಿ ಮುಚ್ಚಿಡ್ಲೂಬೇಡಿ. ಅದು ಲೋಕ ಕಲಿಯೋ ವಯಸ್ಸು ಇದೇ. ಎತ್ಕೊಂಡು ತಿರುಗಾಡಿ," ಎಂದಳು.

"ಎಲ್ಲಿಗೆ ಹೋಗ್ಲಿ ಡಾಕ್ಟ್ರೇ? ಈ ಚಳೀಲಿ ಬೀದೀಲಿ ಒಂದು ಕಾಗೇನೂ ಇಲ್ಲ."

"ಜನ ಎಲ್ಲಿ ಬೆಚ್ಚಗೆ ಕೂತಿರ್ತಾರೋ ಅಲ್ಲಿಗೇ ಹೋಗಿ. ಅದಕ್ಕೆ ನಡುಕ ಬರೋಕೆ ಮುಂಚೆ ವಾಪಸ್ ಬನ್ನಿ."

ಹೀಗೆ ಗೊಂಬೀಕ್‌ನ ಸವಾರಿ ಶುರುವಾಯಿತು. ರೈಲು ನಿಲ್ದಾಣದ ಒಲೆಯ ಪಕ್ಕ, ಕ್ಷೌರದಂಗಡಿಯಲ್ಲಿ, ಬ್ರೆಡ್ ಬೇಯಿಸುವ ಭಟ್ಟಿಯ ಹಿಂದಿನ ಕೋಣೆಯಲ್ಲಿ ಓಟಿಲಿಯಾಳ ಕೋಟಿನ ಕತ್ತಿನಿಂದ ಒಂದು ಬಿಳಿ ಮೂತಿ ಇಣುಕತೊಡಗಿತು. ಕತ್ತರಿಯ ಸದ್ದು, ರೈಲಿನ ಸೀಟಿ, ಮಕ್ಕಳ ಗದ್ದಲ ಯಾವುದನ್ನೂ ಅದು ಲೆಕ್ಕಿಸಲಿಲ್ಲ. ತೊಡಕಾದದ್ದು ಬೇರೆ ಕಡೆ. ಉಣ್ಣೆಯ ಟೋಪಿ ಹುಬ್ಬಿನವರೆಗೆ ಎಳೆದು, ಮೂಗಿನವರೆಗೆ ಶಾಲು ಸುತ್ತಿಕೊಂಡ ಯಾರಾದರೂ ಎದುರಾದರೆ ಮರಿಯ ಮೈ ಸೆಟೆದುಕೊಳ್ಳುತ್ತಿತ್ತು, ಎಳೆ ಗಂಟಲಿನಿಂದ ಗುರ್ ಎನ್ನುವ ಸದ್ದು ಬರುತ್ತಿತ್ತು. ಚಳಿಗಾಲದಲ್ಲಿ ಬ್ರೆಜೋವ್ಕಾದ ಯಾರಿಗೂ ಮುಖವೇ ಇರುವುದಿಲ್ಲವಲ್ಲ ಎಂದು ಓಟಿಲಿಯಾಗೆ ಆಗ ಅರ್ಥವಾಯಿತು.

ಮನೆಮನೆ ಸುತ್ತಿ ಬಂದ ಮೇಲೆ ಅಂಚೆಮನೆಯ ಕಿಟಕಿಯಲ್ಲೂ ಕೂರುತ್ತಿದ್ದವಳು ಅವಳೇ; ಅಲ್ಲಿ ಹೊಸ ಕಾನೂನು ತಂದಳು. "ಮೊದ್ಲು ಟೋಪಿ ತೆಗೀರಿ, ಆಮೇಲೆ ಪಿಂಚಣಿ." ಬಂದವರು ಟೋಪಿ ತೆಗೆದು, ಅವಳು ಕೊಟ್ಟ ಚೀಸಿನ ಚೂರನ್ನು ಅಂಗೈಯಲ್ಲಿ ಹಿಡಿದು, ಮರಿ ತಾನಾಗಿಯೇ ಬಂದು ತಿನ್ನುವವರೆಗೆ ಕಾಯಬೇಕು. ಆಮೇಲೆ ಅದರ ಕಣ್ಣೆದುರಿಗೇ ಟೋಪಿ ಮತ್ತೆ ಹಾಕಿಕೊಂಡು ಇನ್ನೊಂದು ಚೂರು ಕೊಡಬೇಕು. ಊರಿನವರು ನಕ್ಕರು, ಗೊಣಗಿದರು. ಆದರೂ ಕೆಲವರು ಕಾಗದವಿಲ್ಲದಿದ್ದರೂ ಬಂದು ಟೋಪಿ ತೆಗೆದು ಕೂರತೊಡಗಿದರು.

ನಗುವವರಲ್ಲಿ ಮುಂದಾಳು ಅಂಚೆ ವ್ಯಾನ್ ಓಡಿಸುವ ಇಮ್ರಿಖ್. "ಸ್ಕೂಲಿಗೂ ಹಾಕ್ಬಿಡು ಕಣೇ, ಓದಿ ಪೋಸ್ಟ್‌ಮಾಸ್ಟರ್ ಆಗ್ಲಿ," ಎಂದು ದಿನಾ ಛೇಡಿಸುತ್ತಿದ್ದ.

"ನಿನಗಿಂತ ಬೇಗ ವಿಳಾಸ ಓದೋಕೆ ಕಲ್ತ್ಕೊಳ್ಳುತ್ತೆ ಬಿಡು," ಎನ್ನುತ್ತಿದ್ದಳು ಅವಳು.

ಜನವರಿಯ ಕೊನೆಗೆ, ಚುಚ್ಚುಮದ್ದೆಲ್ಲ ಮುಗಿದು ಗೊಂಬೀಕ್ ನೆಲದ ಮೇಲೆ ನಡೆಯತೊಡಗಿದ ಹೊಸದರಲ್ಲಿ, ಎಡವಟ್ಟಾಯಿತು. ಬಸ್ಸಿನಿಂದ ಇಳಿಯುವವರನ್ನೆಲ್ಲ ಮರಿಗೆ ತೋರಿಸುವ ಆಸೆಗೆ ಬಿದ್ದ ಓಟಿಲಿಯಾ ಚಳಿಯಲ್ಲಿ ಜಾಸ್ತಿ ಹೊತ್ತು ನಿಂತಳು. ಮರಿ ಒಂದೊಂದೇ ಕಾಲು ಎತ್ತಿ ನಡುಗುತ್ತಿದ್ದುದನ್ನು ಕಂಡೂ, ಇನ್ನೊಂದು ಬಸ್ಸು ಬರಲಿ ಎಂದುಕೊಂಡಳು. ಅಷ್ಟರಲ್ಲಿ ಬಸ್ ನಿಲ್ದಾಣದ ತಗಡಿನ ಮಾಡಿನಿಂದ ಹಿಮದ ರಾಶಿ ಗುಡುಗಿನಂತೆ ಜಾರಿ ಅವರ ಪಕ್ಕಕ್ಕೇ ಬಿತ್ತು. ಗೊಂಬೀಕ್ ಚೀರಿಕೊಂಡು ಬೆಂಚಿನಡಿಗೆ ನುಗ್ಗಿತು. ಅಂದಿನಿಂದ ಅದು ಮನೆಯ ಹೊಸಿಲು ದಾಟಲಿಲ್ಲ.

"ಮುಗೀತು ಬಿಡು. ಅಮ್ಮನ ರಕ್ತ, ಎಲ್ಲಿಗೆ ಹೋಗುತ್ತೆ," ಎಂದ ಇಮ್ರಿಖ್.

ತಪ್ಪು ರಕ್ತದ್ದಲ್ಲ, ತನ್ನ ಅವಸರದ್ದು ಎಂದು ಓಟಿಲಿಯಾಗೆ ಗೊತ್ತಿತ್ತು. ಕೆಲಸ ಮುಗಿಸಿ ಬಂದ ಮೇಲೆ ಬಾಗಿಲು ತೆರೆದು, ಕಂಬಳಿ ಹೊದ್ದು ಹೊಸಿಲ ಮೇಲೆ ಕೂರುತ್ತಿದ್ದಳು. ಮರಿ ಅವಳ ಬೆನ್ನ ಹಿಂದಿನಿಂದ ಬೀದಿ ನೋಡುತ್ತಿತ್ತು. ಅವಳು ಕರೆಯುತ್ತಿರಲಿಲ್ಲ, ಎಳೆಯುತ್ತಿರಲಿಲ್ಲ. ಅದು ಒಂದು ಹೆಜ್ಜೆ ಮುಂದಿಟ್ಟರೆ ಚೀಸು, ಹಿಂದೆ ಹೋದರೆ ಹೋಗಲಿ. ಒಳಗೆ ಅಡುಗೆಮನೆಯಲ್ಲಿ ತಟ್ಟೆಯನ್ನು ಮೆಲ್ಲಗೆ ಕೆಳಗೆ ಬೀಳಿಸುವಳು, ಕೂಡಲೇ ಒಂದು ಚೂರು ಕೊಡುವಳು. ನಾಳೆ ಸ್ವಲ್ಪ ಜೋರಾಗಿ, ನಾಡಿದ್ದು ಸ್ವಲ್ಪ ಹತ್ತಿರದಲ್ಲಿ. ಕೊನೆಗೊಂದು ಬೆಳಿಗ್ಗೆ ಎದುರುಮನೆಯವರು ಮಾಡಿನ ಹಿಮ ಕೆಡವಿದಾಗ ಗೊಂಬೀಕ್ ಬೆಚ್ಚಿತು, ನಿಂತಿತು, ತಿರುಗಿ ಅವಳ ಜೇಬಿನ ಕಡೆ ನೋಡಿತು. ಓಟಿಲಿಯಾ ಹೊಸಿಲ ಮೇಲೇ ಕೂತು ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಇನ್ನು ಬೇರೆ ನಾಯಿಗಳ ಪರಿಚಯ ಬಾಕಿಯಿತ್ತು. ಅದು ಮರಿಗಿಂತ ಅವಳಿಗೇ ಕಷ್ಟದ ಪಾಠ. ಅರಣ್ಯ ರಕ್ಷಕನ ಮನೆಯಲ್ಲಿ ಬಡಪಾಯಿಯಂಥ ಮುದಿ ಬೇಟೆನಾಯಿಯೊಂದಿತ್ತು. ಆ ಗೇಟಿನೊಳಗೆ ಅವಳು ಎಂದೂ ಕಾಲಿಟ್ಟವಳಲ್ಲ, ಕಾಗದವನ್ನು ಬೇಲಿಯಿಂದಲೇ ಎಸೆದು ಹೋಗುತ್ತಿದ್ದಳು. ಈಗ ಗೇಟು ತೆರೆದು ಹಿಮದಲ್ಲಿ ಮಂಡಿಯೂರಿದಳು. ಮುದಿ ನಾಯಿ ಬಂದು ಅವಳ ಕೈಗವಸು ಮೂಸಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಪಕ್ಕದಲ್ಲಿ ಗೊಂಬೀಕ್ ಆಗಲೇ ಅಂಗಾತ ಮಲಗಿ ಕಾಲು ಆಡಿಸುತ್ತಿತ್ತು.

ಫೆಬ್ರುವರಿಯಲ್ಲಿ, ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಿಗೆ ಮುಂಚೆ, ಫಶಿಯಂಗಿ ಹಬ್ಬ ಬಂತು. ಆ ದಿನ ಊರಿನ ಗಂಡಸರು ವೇಷ ಕಟ್ಟಿ, ಡೋಲು ಬಡಿಯುತ್ತ ಮನೆಮನೆಗೆ ಹೋಗಿ ಕುಣಿದು, ಕರಿದ ಸಿಹಿಬನ್ನು, ಹಂದಿಮಾಂಸ ಕೇಳಿ ಪಡೆಯುತ್ತಾರೆ. ಮೈತುಂಬ ಹುಲ್ಲು ಸುತ್ತಿಕೊಂಡವನೊಬ್ಬ, ಕರಡಿ ವೇಷದವನೊಬ್ಬ ಇರಲೇಬೇಕು. ಕರಡಿ ಪ್ರತಿವರ್ಷವೂ ಇಮ್ರಿಖ್.

"ಕರ್ಕೊಂಡು ಬಾ ನಿನ್ನ ರಾಜಕುಮಾರನ್ನ," ಎಂದಿದ್ದ ಅವನು. "ಕರಡಿ ಎದುರು ನಿಂತ್ರೆ ಈಸ್ಟರ್‌ವರೆಗೂ ನಿನ್ನ ಚೀಲ ನಾನೇ ಹೊರ್ತೀನಿ."

"ನಾಲ್ಕು ಜನ ಕೇಳೋ ಹಾಗೆ ಇನ್ನೊಂದ್ಸಲ ಹೇಳು," ಎಂದಿದ್ದಳು ಓಟಿಲಿಯಾ.

ಅವಳು ಗೊಂಬೀಕ್‌ನೊಂದಿಗೆ ಚೌಕದ ತುದಿಯಲ್ಲಿ, ಬೇಕೆಂದರೆ ಹೊರಟುಹೋಗಬಹುದಾದ ಕಡೆ ನಿಂತಳು. ಹಗ್ಗ ಸಡಿಲವಾಗಿತ್ತು. ಡೋಲು ಹತ್ತಿರವಾಯಿತು. ಹುಲ್ಲಿನವನು ಮಂಜುಗಡ್ಡೆಯ ಮೇಲೆ ಜಾರಿ ಧೊಪ್ಪನೆ ಬಿದ್ದ. ಎಳೆ ಮಕ್ಕಳು ಕಿರುಚಿ ತಾಯಂದಿರ ಹಿಂದೆ ಅಡಗಿದರು. ಕರಡಿ ಗರ್ಜಿಸುತ್ತ ನೇರ ಇವರತ್ತಲೇ ಬಂತು. ಗೊಂಬೀಕ್‌ನ ಬಾಲ ಇಳಿಯಿತು. ಓಟಿಲಿಯಾ ಹಗ್ಗವನ್ನು ಇನ್ನಷ್ಟು ಸಡಿಲಬಿಟ್ಟಳು. ಮರಿ ಒಮ್ಮೆ ಅವಳತ್ತ ನೋಡಿತು, ಕತ್ತು ಚಾಚಿ ಗಾಳಿ ಮೂಸಿತು, ಆಮೇಲೆ ತಾನೇ ಮುಂದೆ ನಡೆಯಿತು. ಕರಡಿಯ ಪಾದದಿಂದ ಮಂಡಿಯವರೆಗೆ ಮೂಸಿ, ಅದರ ಮುಂದೆ ಕುಂಡೆಯೂರಿ ಕೂತು, ತಲೆಯೆತ್ತಿ ನೋಡಿತು. ಟೋಪಿ ಯಾವಾಗ ತೆಗೀತೀಯ ಎಂದು ಕೇಳುವ ಹಾಗಿತ್ತು ಆ ನೋಟ.

ಡೋಲು ನಿಂತಿತು. ಇಮ್ರಿಖ್‌ಗೆ ಬೇರೆ ದಾರಿ ಉಳಿಯಲಿಲ್ಲ. ಕರಡಿಯ ತಲೆ ಕಳಚಿ, ಬೆವರಿದ ಮುಖ ಹೊರಹಾಕಿ, ಮಂಡಿಯೂರಿದ. ಗೊಂಬೀಕ್ ಅವನ ಮೂಗಿನಿಂದ ಹಣೆಯವರೆಗೆ ನೆಕ್ಕಿತು. ಚೌಕಕ್ಕೆ ಚೌಕವೇ ಕೇಕೆ ಹಾಕಿತು.

ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಮರಳಿ, ಊರುಗೋಲು ಹಿಡಿದು ಎಲ್ಲವನ್ನೂ ನೋಡುತ್ತಿದ್ದ ಮಾತೂಶ ಹತ್ತಿರ ಬಂದ. ಓಟಿಲಿಯಾ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಳು.

"ವಾಪಸ್ ಕೇಳ್ಬೇಡಿ ಮಾವ. ಕೊಡಲ್ಲ."

"ಯಾರಮ್ಮ ಕೇಳಿದ್ದು? ಇಂಥ ನಾಯಿ ನನ್ನ ಕೊಟ್ಟಿಗೇಲಿ ಹುಟ್ಟಿದ್ದು ಅಂತ ನಾಲ್ಕು ಜನಕ್ಕೆ ಹೇಳ್ಕೋತೀನಿ, ಅಷ್ಟು ಸಾಕು."

ಆ ಈಸ್ಟರ್‌ವರೆಗೆ ಬ್ರೆಜೋವ್ಕಾದ ಬೀದಿಗಳಲ್ಲಿ ಮೊದಲು ಗೊಂಬೀಕ್, ಅದರ ಹಿಂದೆ ಕೈಬೀಸಿಕೊಂಡು ಓಟಿಲಿಯಾ, ಕೊನೆಗೆ ಚೀಲ ಹೊತ್ತು ಗೊಣಗುವ ಇಮ್ರಿಖ್ ಸಾಗುವುದನ್ನು ನೋಡಲು ಜನ ಕಿಟಕಿಗೆ ಬರುತ್ತಿದ್ದರು. ಮುಂದಿನ ಚಳಿಗಾಲಕ್ಕೆ ಸುತ್ತಲ ಕಣಿವೆಗಳಿಂದಲೂ ಜನ ಕೋಟಿನೊಳಗೆ ಮರಿಗಳನ್ನಿಟ್ಟುಕೊಂಡು ಅಂಚೆಮನೆಯ ಬಾಗಿಲು ತಟ್ಟಿದರು. ಈಗ ದೊಡ್ಡದಾಗಿ ಬೆಳೆದಿದ್ದ ಗೊಂಬೀಕ್ ಬೆಂಚುಗಳ ನಡುವೆ ಮೈಚಾಚಿ ಮಲಗಿ, ಅಂಜುಬುರುಕ ಮರಿಗಳು ತನ್ನ ಕಿವಿ ಜಗಿಯುವುದನ್ನು ಸಹಿಸಿಕೊಳ್ಳುತ್ತಿತ್ತು. ಓಟಿಲಿಯಾ ಅಂಚೆಚೀಟಿ ಅಂಟಿಸುತ್ತಲೇ ಹೊಸಬರಿಗೆ ಹೇಳುತ್ತಿದ್ದಳು: "ಅವಸರ ಮಾಡ್ಬೇಡಿ. ಕೆಳಗೆ ಬಿಟ್ಟು ಸುಮ್ನೆ ಕೂತ್ಕೊಳ್ಳಿ. ಅದೇ ಬರುತ್ತೆ."