ಹೆಬ್ಬಳ್ಳಿಯ ಎರಡು ಖೋಲಿಯ ಮನೆ

ಫ್ಲೋರೆನ್ಸ್ ಬಾಯಿಗೆ ಮನೆ ತೋರಿಸುವುದೆಂದರೆ ಹುಡುಗಾಟವಲ್ಲ. ಧಾರವಾಡದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ಮೇಟ್ರನ್ ಆಗಿ, ಗೋಡೆಯ ಹಸಿ, ನಲ್ಲಿಯ ಸೋರಿಕೆ, ಹುಡುಗಿಯರ ಸುಳ್ಳು ಎಲ್ಲವನ್ನೂ ಬಾಗಿಲಲ್ಲೇ ನಿಂತು ಹಿಡಿದ ಹೆಂಗಸು. ತಿಂಗಳ ಕೊನೆಗೆ ನಿವೃತ್ತಿ. ಹಾಸ್ಟೆಲಿನ ಖೋಲಿ ಬಿಡಬೇಕು. ಹುಟ್ಟಿದ್ದು ಮಿಶನ್ ಕಾಂಪೌಂಡಿನಲ್ಲಿ, ದುಡಿದದ್ದು ಹಾಸ್ಟೆಲಿನಲ್ಲಿ. ತನ್ನದೆಂಬ ಮನೆ ಇದುವರೆಗೆ ಇರಲಿಲ್ಲ. ಈ ಸಲ ಅದು ಬೇಕೇ ಬೇಕು, ಸಿಕ್ಕೇ ಸಿಗುತ್ತದೆ ಎಂದು ಆಕೆಗೆ ಖಾತ್ರಿಯಿತ್ತು.

ಏಜೆಂಟ್ ಅಂಬರೀಷ ತೋರಿಸಿದ ಮೂರು ಮನೆಗಳನ್ನು ಆಗಲೇ ಫೇಲು ಮಾಡಿದ್ದಳು. ಆಕೆಯ ಪರೀಕ್ಷೆ ಸರಳ: ಕಸಬರಿಗೆ ಇಸಿದುಕೊಂಡು ಮನೆಯನ್ನು ತಾನೇ ಗುಡಿಸುವುದು. ಗೋಡೆ ಉದುರುತ್ತಿದ್ದರೆ ಮೂಲೆಯಲ್ಲಿ ಪುಡಿ ಸಿಗುತ್ತದೆ, ಗೆದ್ದಲಿದ್ದರೆ ಬಾಗಿಲ ಬುಡದಲ್ಲಿ ಮಣ್ಣು. ನೆಲ ಕುಸಿದಿದ್ದರಂತೂ ಕಸ ಮುಂದೆ ಹೋಗುವುದೇ ಇಲ್ಲ.

ನಾಲ್ಕನೆಯದು ಹೆಬ್ಬಳ್ಳಿಯ ಹಾಜರಾಬಿಯ ಮನೆ. ಎರಡು ಖೋಲಿ, ಕಲ್ಲಿನ ಗೋಡೆ, ಫರಸಿಕಲ್ಲು ಹಾಸಿದ ನೆಲ. "ವರ್ಷಕ್ಕೊಮ್ಮಿ ಸುಣ್ಣಾ ಬಿಟ್ರ ಇದಕ್ಕ ಬ್ಯಾರೆ ಏನೂ ಬೇಕಾಗಂಗಿಲ್ರಿ" ಎಂದ ಅಂಬರೀಷ. ಗೋಪನಕೊಪ್ಪದಲ್ಲಿ ತಂಗಿಯ ಜೊತೆ ಹೊಲಿಗೆ ಅಂಗಡಿ ಹಾಕಲು ಹಾಜರಾಬಿ ಮನೆ ಮಾರುತ್ತಿದ್ದಳು. ಇವರು ಹೋದಾಗ ಬಸುರಿ ಮಗಳು ಗುಲ್ನಾಜ ಬ್ಯಾಗು ಹಿಡಿದು ಹುಬ್ಬಳ್ಳಿಯ ಗಂಡನ ಮನೆಗೆ ಹೊರಟಿದ್ದಳು. ಆಕೆ ಓಣಿಯ ತಿರುವು ದಾಟಿದ್ದೇ ತಡ, ಫ್ಲೋರೆನ್ಸ್ ಕಸಬರಿಗೆ ಎತ್ತಿ ಗುಡಿಸಲು ಬಗ್ಗಿದಳು.

ಹಾಜರಾಬಿ ಅದನ್ನು ಕೈಯಿಂದ ಕಿತ್ತುಕೊಂಡಳು. "ಮಗಳು ಈಗರ ಮನಿ ಬಿಟ್ಟಾಳ. ಆಕಿ ಬೆನ್ನಿಗೇ ಕಸಾ ಹೊಡಿತೀರೇನ್ರಿ? ನಿಮಗ ಮನಿ ಕೊಡೂದಿಲ್ಲ, ಹೋಗ್ರಿ."

ಮನೆಯವರು ಊರಿಗೆ ಹೊರಟ ಕೂಡಲೇ ಕಸ ಗುಡಿಸಬಾರದೆಂದು ಫ್ಲೋರೆನ್ಸಳ ಅವ್ವನೂ ಹೇಳುತ್ತಿದ್ದಳು. ಆದರೆ ರಜೆಗೆ ಹೋದ ಹುಡುಗಿಯರ ಖೋಲಿಯನ್ನು ಅವರ ಬೆನ್ನಿಗೇ ಗುಡಿಸಿ ಗುಡಿಸಿ ರೂಢಿಯಾದ ಕೈ ಅದನ್ನು ಮರೆತಿತ್ತು. ಆಕೆಗೆ ಬಹಳ ನಾಚಿಕೆಯಾಯಿತು. ಹಾಗಂತ ಅಷ್ಟಕ್ಕೆ ಎದ್ದು ಹೋಗುವ ಪೈಕಿಯಲ್ಲ. ಅಂಬರೀಷ ಚಪ್ಪಲಿ ಮೆಟ್ಟಿ ಹೊರಟರೂ ಈಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ತಪ್ಪಾತ್ರಿ ಅಕ್ಕಾರ. ಮಗಳು ಸುಖರೂಪ ಮುಟ್ಟಿದ್ಲಂತ ಫೋನ್ ಬರೂತನಾ ಕುಂದ್ರತೇನಿ. ಆಮ್ಯಾಲೆ ಬೈದು ಕಳಸ್ರಿ."

ಎರಡೂವರೆ ತಾಸು ಹಿಡಿಯಿತು. ಮೊದಲು ಹಾಜರಾಬಿ ಮುಖ ತಿರುಗಿಸಿಕೊಂಡೇ ಮೆಂತ್ಯೆ ಸೊಪ್ಪು ಸೋಸಿದಳು. ಫ್ಲೋರೆನ್ಸ್ ಮೆಲ್ಲಗೆ ತಾನೂ ಒಂದು ಸಿವುಡು ಎಳೆದುಕೊಂಡಳು, ಹಾಜರಾಬಿ ಬೇಡ ಅನ್ನಲಿಲ್ಲ. ಬಸ್ಸು ಕೆಟ್ಟಿತೇನೋ, ಹುಡುಗಿಗೆ ವಾಕರಿಕೆ ಬಂತೇನೋ ಎಂದು ಇಬ್ಬರೂ ಫೋನನ್ನೇ ನೋಡುತ್ತ ಕುಳಿತರು. ಕೊನೆಗೆ ಅದು ರಿಂಗಾದಾಗ ಗುಲ್ನಾಜ ಆಗಲೇ ಉಂಡು ಮಲಗಲು ಹೊರಟಿದ್ದಳು. ಫೋನು ಮಾಡುವುದೇ ಮರೆತಿತ್ತಂತೆ.

ಹಾಜರಾಬಿ ಎದ್ದು ಕಸಬರಿಗೆ ತಂದುಕೊಟ್ಟಳು. "ಹೊಡೀರಿ ಈಗ. ಏನ್ ಸಿಗತೈತಿ ನಾನೂ ನೋಡತೇನಿ."

ಮೂಲೆಮೂಲೆ ಬಿಡದೆ ಗುಡಿಸಿದರೂ ಸಿಕ್ಕಿದ್ದು ನಾಲ್ಕು ದಾರದ ತುಂಡು, ಒಂದಿಷ್ಟು ಮೆಂತ್ಯೆ ದಂಟು. "ಮನಿ ಛಲೋ ಐತ್ರಿ. ನಾನು ತಗೋತೇನಿ" ಎಂದಳು ಫ್ಲೋರೆನ್ಸ್. ಹಾಜರಾಬಿ ಬಗ್ಗಿ ದಾರದ ತುಂಡುಗಳನ್ನು ಆರಿಸಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಮದೀನಾಬಿ ಸಕ್ಕರೆ ಕೇಳಲು ಬಂದು ಬಾಗಿಲಲ್ಲಿ ನಿಂತಳು. "ಹಾಜರಾ, ಒಳಗ ಬರಲೇನ?"

"ನನ್ನೇನ್ ಕೇಳ್ತಿ?" ಎಂದಳು ಹಾಜರಾಬಿ. "ಮನಿಯವ್ರು ಅಲ್ಲಿ ಕಸಬರಿಗಿ ಹಿಡಕೊಂಡು ನಿಂತಾರ. ಅವರನ್ನ ಕೇಳು."

ಬಂದವರನ್ನೆಲ್ಲ ಯಾರ ಪರ್ಮಿಶನ್ ತಗೊಂಡೀರಿ ಎಂದು ತಡೆಯುವುದೇ ಫ್ಲೋರೆನ್ಸಳ ಜೀವಮಾನದ ಕೆಲಸವಾಗಿತ್ತು. ಆಕೆ ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟು, ಮದೀನಾಬಿಯ ಕಡೆ ಹೊರಳಿ, "ಬರ್ರಿ, ಒಳಗ ಬರ್ರಿ" ಎಂದಳು.