ನನ್ನನ್ನು ಬಿಟ್ಟು ಕೊಲ್ಲಾಪುರಕ್ಕೆ ಹೊರಟವರು

ನೀವು ಇದನ್ನು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ಬನಹಟ್ಟಿಯಲ್ಲಿ ನನ್ನ ಮಾತನ್ನು ಒಂದೇ ಏಟಿಗೆ ನಂಬಿದವರು ಇಲ್ಲಿಯವರೆಗೆ ಯಾರೂ ಇಲ್ಲ, ನನ್ನನ್ನು ಹೆತ್ತವಳೂ ಸೇರಿ. ಆದರೂ ಮೀಸೆ ತಿರುವಿ ಹೇಳುತ್ತೇನೆ: ಇದು ಮೊಣಕಾಲು ಸವೆದ ಮುದುಕನೊಬ್ಬ ಬಸ್ಸಿನಲ್ಲಿ ಕೂತು ಕಾರನ್ನು ಸೋಲಿಸಿದ ಸಂಗತಿ. ಧೈರ್ಯವಿದ್ದರೆ ಸುಳ್ಳೆಂದು ಸಾಧಿಸಿ.

ನಮ್ಮದು ಪವರ್‌ಲೂಮಿನ ಮನೆ. ನಮಗೆ ಶನಿವಾರ, ರವಿವಾರ ಎಂಬ ರಜೆಗಳಿಲ್ಲ. ನಮ್ಮ ಮಗ್ಗಗಳು ಬಾಯಿ ಮುಚ್ಚುವುದು ಅಮಾವಾಸ್ಯೆಗೆ ಮಾತ್ರ. ಮಗಳು ಮುಧೋಳದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಅವಳ ರಜೆಯೂ ನಮ್ಮ ಅಮಾವಾಸ್ಯೆಯೂ ಕೂಡಿಬರುವುದು ಅಪರೂಪ. ಆ ಸಲ ಎರಡನೇ ಶನಿವಾರದ ಮರುದಿನವೇ ಅಮಾವಾಸ್ಯೆ ಬಂತು. ಅಳಿಯ ಬಾಡಗಂಡಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿರುವವನು. ಕಬ್ಬು ಅರೆಯುವ ಕಾಲದಲ್ಲಿ ಅವನಿಗೆ ಬಿಡುವಿಲ್ಲ. ಉಳಿದವರು ಎರಡು ದಿನ ಯಾವುದಾದರೂ ದೊಡ್ಡ ಊರಿಗೆ ಹೋಗಿ ಇದ್ದು ಬರೋಣವೆಂದು ನಮ್ಮ ಪಡಸಾಲೆಯಲ್ಲಿ ಸಭೆ ಸೇರಿದರು. ಉಳಿದವರು ಎಂದರೆ ಮಗ, ಸೊಸೆ, ಮಗಳು, ನನ್ನ ಹೆಂಡತಿ ಮತ್ತು ನಾನು. ನಾನೂ ಇದ್ದೇನೆಂದು ಆಗ ನಾನು ತಿಳಿದಿದ್ದೆ.

"ವಿಜಾಪುರ?" ಎಂದ ಮಗ.

"ಮುಂಜಾನೆ ಹೋಗಿ ಸಂಜೀಕ ಬರೂ ಊರಿಗೆ ರೂಮ್ ಯಾಕ ಬೇಕೊ?" ಎಂದಳು ಮಗಳು.

"ಬೆಳಗಾವಿರೀ?" ಎಂದಳು ಸೊಸೆ.

"ಬ್ಯಾಡವಾ. ಅಲ್ಲಿ ಮಂದಿ ಭಾಳ ಅದಾರ ನಮ್ಮವರು. ಒಬ್ಬರ ಮನಿಗೆ ಹೋದ್ರ ಎಲ್ಲಾರ ಮನಿಗೂ ಹೋಗಬೇಕು. ಎರಡೂ ದಿನ ಚಾ ಕುಡದ ಮುಗೀತೈತಿ," ಎಂದಳು ನನ್ನ ಹೆಂಡತಿ.

ನಾನು ಗಂಟಲು ಸರಿಮಾಡಿಕೊಂಡೆ. "ಸೋಲಾಪುರ."

ನಾಲ್ಕೂ ಜನ ಒಟ್ಟಿಗೆ ಕೂಗಿದರು: "ನೂಲಿನ ಅಂಗಡಿ ಇರೂ ಊರು ಬ್ಯಾಡ!"

ಅವರ ಸಿಟ್ಟಿಗೂ ಕಾರಣವಿತ್ತು. ನಾನು ಹೆಂಡತಿ ಮಕ್ಕಳನ್ನು ಊರು ತೋರಿಸುತ್ತೇನೆಂದು ಕರೆದುಕೊಂಡು ಹೋದಾಗಲೆಲ್ಲ ನೂಲಿನ ವ್ಯಾಪಾರಿಯ ಗಾದಿಯ ಮೇಲೆ ಕೂರಿಸಿ ಬಂದಿದ್ದೇನೆ. ಇಚಲಕರಂಜಿಯಲ್ಲಿ ನನ್ನ ಮಕ್ಕಳು ನೋಡಿದ ಪ್ರೇಕ್ಷಣೀಯ ಸ್ಥಳವೆಂದರೆ ಒಂದು ಗೋದಾಮು.

"ಹಂಗಾರ ಮಂದಿ ಅರಿವಿ ಹಾಕ್ಕೊಳ್ಳಲಾರದ ಊರು ಹುಡುಕ್ರಿ," ಎಂದೆ. "ಅಲ್ಲೆ ನೂಲೂ ಇರೂದಿಲ್ಲ, ನಾನೂ ನಾಚಿ ಕಣ್ಣು ಮುಚ್ಚಿಕೊಂಡ ಇರ್ತೇನಿ."

"ನೀವು ಸುಮ್ನ ಕುಂಡ್ರಿ," ಎಂದಳು ಹೆಂಡತಿ. "ಕೊಲ್ಲಾಪುರಕ್ಕ ಹೋಗೂಣು. ಅಂಬಾಬಾಯಿ ದರ್ಶನ ಆಕ್ಕೈತಿ. ರಂಕಾಳ ಕೆರಿ ದಂಡಿಗೆ ಕುಂತು ಬರೂಣು."

ಊರು ನಿಶ್ಚಯವಾಯಿತು. ಆಗ ಮಗ ನನ್ನ ಮುಖ ನೋಡದೆ, ಮೊಬೈಲ್ ನೋಡುತ್ತಾ ಹೇಳಿದ: "ಅಪ್ಪಾ, ನೀ ಈ ಸಲ ಮನಿಯಾಗ ಇರು. ಅಲ್ಲೆ ಮೆಟ್ಟಲಾ ಹತ್ತೂದು, ಇಳಿಯೂದು, ಅಡ್ಡಾಡೂದು. ನಿನ್ನ ಮೊಣಕಾಲಿಗೆ ಆಗೂದಿಲ್ಲ."

"ನನ್ನ ಮೊಣಕಾಲು ನಿನಗ ಯಾವಾಗ ಹೇಳ್ತು?"

"ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ನನಗ ನಡೀರಿ ಅಂದಾನ. ಕುಂಡ್ರಿ ಅಂದಿಲ್ಲ."

"ಅಪ್ಪಾ, ಹಟಾ ಮಾಡಬ್ಯಾಡ," ಎಂದಳು ಮಗಳು, ಚಿಕ್ಕ ಮಗುವಿಗೆ ಹೇಳುವ ಹಾಗೆ. ನನಗೆ ನಾಟಿದ್ದು ಆ ದನಿ. ಈ ಮನೆಯಲ್ಲಿ ಯಾವ ಸೀರೆಗೆ ಯಾವ ಅಂಚು ಎಂಬುದರಿಂದ ಹಿಡಿದು ಯಾರು ಎಲ್ಲಿ ಓದಬೇಕು ಎಂಬುದರವರೆಗೆ ನನ್ನನ್ನು ಕೇಳದೆ ಏನೂ ನಡೆದಿರಲಿಲ್ಲ. ಈಗ ನಾನೇ ಹೋಗಬೇಕೋ ಬೇಡವೋ ಎಂಬುದನ್ನು ನನ್ನನ್ನು ಬಿಟ್ಟು ಎಲ್ಲರೂ ತೀರ್ಮಾನಿಸಿದ್ದರು. ಇದಕ್ಕೆ ನಾನು ಒಪ್ಪಿದರೆ ನಾಳೆ ನಾನು ಏನು ಉಣ್ಣಬೇಕೆಂದೂ ಅವರೇ ಹೇಳುತ್ತಾರೆ, ನಾಡಿದ್ದು ಎಲ್ಲಿ ಕೂರಬೇಕೆಂದೂ.

ಜಗಳಾಡಲಿಲ್ಲ. ನಾನು ಜಗಳಾಡದಿದ್ದರೆ ಹೆದರಬೇಕೆಂಬುದನ್ನು ಅವರು ಮರೆತಿದ್ದರು.

ಅಷ್ಟರಲ್ಲಿ ಅವರು ಮೊಬೈಲಿನಲ್ಲಿ ಹೋಟೆಲು ಹುಡುಕತೊಡಗಿದರು. ಬೇರೆಯವರಾದರೆ ಬಿಸಿ ನೀರು ಬರುತ್ತದೋ, ಕಾರು ನಿಲ್ಲಿಸಲು ಜಾಗವಿದೆಯೋ ಎಂದು ನೋಡುತ್ತಾರೆ. ನಮ್ಮವರು ಫೋಟೊ ದೊಡ್ಡದು ಮಾಡಿ ಹಾಸಿಗೆಯ ಬಟ್ಟೆ ನೋಡಿದರು!

"ಈ ಪರದೆ ನೋಡ್ರಿ, ಒಂದ ಒಗತಕ್ಕ ಬಣ್ಣಾ ಬಿಟ್ಟೈತಿ," ಸೊಸೆ.

"ಚಾದರ ಪಾಲಿಸ್ಟರ್. ಮುಂದಿಂದ ತೋರ್ಸು," ಮಗ.

"ಇದು ನೋಡು! ಖರೆ ಹತ್ತಿ. ಅಂಚು ಹೆಂಗ ಕುಂತೈತಿ ನೋಡು!" ಮಗಳು.

ಬಿಳಿ ಹತ್ತಿ ಚಾದರವಿದ್ದ ಆ ಹೋಟೆಲನ್ನು ಎಲ್ಲರೂ ಮೆಚ್ಚಿದರು. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಗಾಳಿ ಚೆನ್ನಾಗಿ ಬರುತ್ತದೆಂದು. ನನಗೂ ಮೊಬೈಲ್ ಕೊಟ್ಟರು, ಬಟ್ಟೆಯ ವಿಷಯದಲ್ಲಾದರೂ ನನ್ನ ಮಾತಿಗೆ ಬೆಲೆಯಿದೆಯಲ್ಲ. ನಾನು ಚಾದರ ನೋಡಿ, ಬೆರಳಿನಿಂದ ಮುಂದಕ್ಕೆ ಸರಿಸುತ್ತಾ ಹೋದೆ. ಒಳಗೆ ಬರುವ ಬಾಗಿಲಿನ ಫೋಟೊ ಇತ್ತು. ಟೇಬಲ್, ಟೇಬಲ್ಲಿನ ಹಿಂದೆ ಕಡಿದಾದ ಮೆಟ್ಟಿಲು. ಅದರ ಕೆಳಗಿನ ಸಣ್ಣ ಅಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿದೆ: ಲಿಫ್ಟ್ ಇಲ್ಲ.

"ಭಾಳ ಛಲೋ ಐತಿ," ಎಂದು ಮೊಬೈಲ್ ಹಿಂದಕ್ಕೆ ಕೊಟ್ಟೆ. "ಇದನ್ನ ಮಾಡ್ರಿ."

ಶನಿವಾರ ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೈಚೀಲ ಹಿಡಿದು ಹೆಂಡತಿಗೆ ಹೇಳಿದೆ: "ಮಹಾಲಿಂಗಪುರಕ್ಕ ಹೊಂಟೇನಿ. ಗೆಳೆಯಾ ಕರದಾನ." ಅವಳು ಒಲೆಯ ಮುಂದಿನಿಂದ ತಿರುಗಿ ನನ್ನನ್ನೂ ಚೀಲವನ್ನೂ ನೋಡಿ, "ಹುಷಾರಿ," ಎಂದಳು ಅಷ್ಟೇ.

ಮಹಾಲಿಂಗಪುರಕ್ಕೆ ಹೋದದ್ದು ಸುಳ್ಳಲ್ಲ. ಅಲ್ಲಿಯ ಬಸ್ ನಿಲ್ದಾಣದಲ್ಲಿ ಇಳಿದು, ಚಹಾ ಕುಡಿದು, ಕೊಲ್ಲಾಪುರದ ಬಸ್ಸು ಹತ್ತಿ ಕಿಟಕಿ ಹಿಡಿದೆ. ನಮ್ಮವರು ಹೊರಟದ್ದು ಕಾರಿನಲ್ಲಿ, ಕಾರು ಬಸ್ಸಿಗಿಂತ ವೇಗ ಎಂದು ನೀವು ಹೇಳುತ್ತೀರಿ. ಆದರೆ ದಾರಿಯಲ್ಲಿ ಸಿಗುವ ಚಿಕ್ಕೋಡಿಯಲ್ಲಿ ನನ್ನ ಸೊಸೆಯ ಅಕ್ಕನ ಮನೆ ಇದೆ. ಅಲ್ಲಿ ಚಹಾಕ್ಕೆ ಕೂತವರು ಊಟ ಮುಗಿಸದೆ ಎದ್ದದ್ದನ್ನು ನಾನು ಕಂಡಿಲ್ಲ.

ಹೋಟೆಲಿನ ಟೇಬಲ್ಲಿನವನಿಗೆ ನನ್ನ ಮರಾಠಿಯಲ್ಲಿ ಹೇಳಿದೆ: ಮಗ ಹಿಂದಿನಿಂದ ಬರುತ್ತಾನೆ, ಪಾಪ, ದಪ್ಪ ಮನುಷ್ಯ, ಮೆಟ್ಟಿಲು ಹತ್ತಲು ಹೊತ್ತು ಹಿಡಿಯುತ್ತದೆ, ಕೋಣೆ ಸಿದ್ಧವಿದೆಯೇ ನೋಡಲು ನಾನು ಮುಂದೆ ಬಂದೆ. ಅವನು ನನ್ನ ಗುರುತಿನ ಚೀಟಿ ನೋಡಿ, ನಕ್ಕು, ಬೀಗದ ಕೈ ಕೊಟ್ಟ. ನಾನು ಹತ್ತಿದೆ. ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು, ಪ್ರತಿ ತಿರುವಿನಲ್ಲಿ ಉಸಿರು ತೆಗೆದುಕೊಂಡು, ಮೊಣಕಾಲಿಗೆ ಕೆಟ್ಟ ಕೆಟ್ಟ ಬೈಗುಳ ಬೈಯುತ್ತಾ ಹತ್ತಿದೆ. ಹತ್ತಿದೆನೋ ಇಲ್ಲವೋ?

ಇಳಿಹೊತ್ತಿಗೆ ಕೆಳಗೆ ಗದ್ದಲ ಕೇಳಿಸಿತು. "ಲಿಫ್ಟ್ ಎಲ್ಲೈತ್ರಿ? ಇಲ್ಲಾ? ಇಲ್ಲಾ ಅಂದ್ರ?" ನಾನು ಮೂರನೇ ಮಹಡಿಯ ಮೆಟ್ಟಿಲ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಮಗ ಗಾಲಿಚೀಲವನ್ನು ಎತ್ತಿಕೊಂಡು ಎರಡನೇ ಮಹಡಿಯವರೆಗೆ ಬಂದು ಮೆಟ್ಟಿಲ ಮೇಲೆಯೇ ಕುಸಿದು ಕೂತ. ಹೊಟ್ಟೆ ಅವನಿಗಿಂತ ಜೋರಾಗಿ ಉಸಿರಾಡುತ್ತಿತ್ತು.

"ಯಾಕಲೇ, ಅಲ್ಲೇ ಕುಂತಿ? ಇನ್ನೂ ಒಂದು ಮಹಡಿ ಐತಿ, ಬಾ ಬಾ!"

ಅವನು ತಲೆ ಎತ್ತಿ ನೋಡಿದ. ಬಾಯಿ ತೆರೆದದ್ದು ಮುಚ್ಚಲಿಲ್ಲ. ಹಿಂದಿದ್ದ ಮಗಳು "ಅಪ್ಪಾ!" ಎಂದು ಚೀರಿದಳು. "ಯವ್ವಾ, ಮಾವಾರು!" ಎಂದು ಸೊಸೆ ಸೆರಗು ಎಳೆದುಕೊಂಡಳು.

ಮೇಲೆ ಬಂದ ಮಗ ಕೆಂಪಾಗಿದ್ದ. "ನಿನಗ ತಿಳೀತೈತೇನು? ದಾರ್‍ಯಾಗ ಏನಾರ ಆಗಿದ್ರ? ಯಾರಿಗೂ ಗೊತ್ತಿಲ್ಲ, ಫೋನ್ ಎತ್ತಂಗಿಲ್ಲ!"

"ಆಗೂದಿದ್ರ ಪಡಸಾಲ್ಯಾಗ ಕುಂತ್ರೂ ಆಗ್ತೈತಿ. ನೀ ನನ್ನ ಬಿಟ್ಟು ಬಂದಿ, ನಾ ನಿನ್ನ ಬಿಟ್ಟು ಬಂದೆ. ನಾ ಏನು ಗಂಟೇನಲೇ, ಬೇಕಾದಾಗ ಹೊರೂದು, ಬ್ಯಾಡಾದಾಗ ಮೂಲ್ಯಾಗ ಇಡೂದು? ನನಗ ಬರಾಕ ಆಗೂದಿಲ್ಲ ಅಂತ ನಾ ಹೇಳಬೇಕು. ನೀ ಹೇಳೂದಲ್ಲ."

ಕೊನೆಗೆ ಮೇಲೆ ಬಂದ ಹೆಂಡತಿ ನನ್ನ ಪಕ್ಕ ನೆಲದ ಮೇಲೆ ಕೂತು, ತನ್ನ ಚೀಲದಿಂದ ನನ್ನ ಮೊಣಕಾಲಿನ ಎಣ್ಣೆಯ ಬಾಟಲಿ ತೆಗೆದಳು.

ಮಗಳು ಬಾಟಲಿ ನೋಡಿದಳು. "ಯವ್ವಾ, ನಿನಗ ಗೊತ್ತಿತ್ತಾ?"

"ಮಹಾಲಿಂಗಪುರಕ್ಕ ಯಾರರ ಹೊಸಾ ಧೋತರಾ ಉಟ್ಕೊಂಡ ಹೋಗ್ತಾರೇನು? ಕಾಲು ಚಾಚ್ರೀ."

ಮಗ "ಆತಪಾ, ಮುಂದಿನ ಸಲ ಊರು ನೀನ ಆರಸು," ಎಂದ. ಆ ಸಂಜೆ ರಂಕಾಳದ ದಂಡೆಯ ಮೇಲೆ ಐದೂ ಜನ ಕೂತು ಖಾರದ ಮಿಸಳ ತಿಂದೆವು. ಎಲ್ಲರ ಮೂಗಿನಲ್ಲೂ ನೀರು. ನಾನು ಯಾರನ್ನೂ ಕೇಳದೆ ಎರಡನೇ ತಟ್ಟೆ ತರಿಸಿದೆ.

ಇದರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ಬಸ್ಸು ಖರೆ, ಮೆಟ್ಟಿಲು ಖರೆ, ಎಣ್ಣೆಯ ಬಾಟಲಿಯೂ ಖರೆ. ಮುಂದಿನ ಸಲ ಊರು ನೀನು ಆರಿಸು ಎಂದು ಮಗ ಅನ್ನಲಿಲ್ಲ. ಅವನು ನನ್ನ ಕೈಚೀಲವನ್ನು ಎತ್ತಿಕೊಂಡು ಹೋಗಿ, ಕಿಟಕಿಯ ಪಕ್ಕದ ಮಂಚದ ಮೇಲೆ ಇಟ್ಟ, ಅಷ್ಟೇ. ಆ ಮಾತನ್ನು ನಾನೇ ಬರೆದಿದ್ದೇನೆ, ಅವನು ಓದಲಿ ಎಂದೇ.