ಎರಡು ಬಾಯಿಯ ನಾಯಿ

ನನ್ನ ಸೋದರಮಾವನಿಗೆ ತಿಳಿಯದ ವಿಷಯ ಪ್ರಪಂಚದಲ್ಲಿ ಇರಲಿಲ್ಲ. ಬೊಂಬಾಯಿಯಲ್ಲಿ ಕ್ಯಾಂಟೀನು ನಡೆಸಿ ಕಾಪುವಿನ ನಮ್ಮ ಮನೆಗೆ ಮರಳಿದವರು, ಇಡ್ಲಿ ಬೇಯಿಸುತ್ತಲೇ ವೈದ್ಯವನ್ನೂ ಕಲಿತಿದ್ದರೋ ಏನೋ. ನೆಂಟರು ಯಾರಾದರೂ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದರೆ ನೋಡಲು ಹೋಗಿ, ಡಾಕ್ಟರು ಎಲ್ಲಿ ತಪ್ಪಿದರೆಂದು ರೋಗಿಗೇ ವಿವರಿಸಿ, ರೋಗಿಗೆಂದು ಒಯ್ದ ಕಿತ್ತಳೆಯನ್ನು ತಾವೇ ತಿಂದು ಬರುತ್ತಿದ್ದರು.

ಎಂಬತ್ತರ ದಶಕದ ಆರಂಭ. ಭಾನುವಾರ ನಮ್ಮಲ್ಲಿ ಕೋಳಿ. ಊಟ ಮುಗಿಸಿ ಮಾವ ಮೂಳೆಗಳನ್ನು ಜಗಲಿಯಿಂದ ಮನೆಯ ನಾಯಿಗೆ ಎಸೆಯುವರು. ಅಮ್ಮ ಅವರ ತಂಗಿ, ಅಣ್ಣನ ಎದುರು ಮಾತಾಡಿದವಳಲ್ಲ. ಒಮ್ಮೆ ಮಾತ್ರ, "ಕೋಳಿ ಮೂಳೆ ಚೂಪು ಅಣ್ಣ," ಎಂದಳು.

"ನಾಯಿಯ ಹೊಟ್ಟೆಯಲ್ಲಿ ಕಲ್ಲು ಸಹ ಕರಗುತ್ತದೆ. ನಿನಗೆ ಎಂತ ಗೊತ್ತುಂಟು?" ಎಂದರು ಮಾವ. ಅಮ್ಮ ಪಾತ್ರೆ ತೊಳೆಯಲು ಹೋದಳು.

ಒಂದು ಭಾನುವಾರ ನಾಯಿ ಕತ್ತು ಚಾಚಿ ಕಕ್ಕಲು ಹೆಣಗಿತು, ಜೊಲ್ಲು ಸುರಿಸಿತು. ಮಾವ ಪಂಚೆ ಎತ್ತಿ ಕಟ್ಟಿದರು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕರೆ ಅನ್ನದ ಉಂಡೆಯನ್ನು ಅಗಿಯದೆ ನುಂಗಿಸುವುದು ನಮ್ಮ ಕಡೆಯ ರೂಢಿ. ಉಂಡೆಯ ಜೊತೆ ಮುಳ್ಳೂ ಇಳಿಯುತ್ತದೆಂಬ ನಂಬಿಕೆ. ಮಾವ ನಾಯಿಯ ದವಡೆ ಅಗಲಿಸಿ ಉಂಡೆಯ ಮೇಲೆ ಉಂಡೆ ತುರುಕಿದರು. ಇಳಿಯದಿದ್ದಾಗ ಬಾಳೆಹಣ್ಣು ಹಾಕಿ ಹೆಬ್ಬೆರಳಿನಿಂದ ಒತ್ತಿದರು. ನಾಯಿ ಕಿರುಚಿ ಸುಮ್ಮನಾಯಿತು.

"ನೋಡಿ, ಹೋಯಿತು," ಎಂದರು. ಹೋದದ್ದು ನಿಜ. ಎಲ್ಲಿಗೆ ಹೋಯಿತೆಂದು ಅವರು ಕೇಳಿಕೊಳ್ಳಲಿಲ್ಲ.

ಕೆಲವು ದಿನಗಳಲ್ಲಿ ಅದರ ಕುತ್ತಿಗೆ ಊದಿ, ಗಡ್ಡೆ ಒಡೆಯಿತು. ಅಮ್ಮ ಗಂಜಿ ಇಟ್ಟರೆ ಬಾಯಿಯಿಂದ ಕುಡಿದದ್ದು ಕುತ್ತಿಗೆಯಿಂದ ತೊಟ್ಟಿಕ್ಕಿತು. ಎರಡು ಬಾಯಿಯ ನಾಯಿಯೆಂದು ಎರ್ಮಾಳಿನಿಂದಲೂ ಜನ ಬಂದರು. ನೋಡಿದರು, ಲೊಚಗುಟ್ಟಿದರು, ಚಹಾ ಕುಡಿದು ಹೋದರು. ಕಾರ್ಕಳದ ನೆಂಟರೊಬ್ಬರು ಇದು ಭೂತದ ಕೋಪ ಎಂದರು. ಉಂಡದ್ದು ಹೊಟ್ಟೆಗೆ ತಲುಪದೆ ನಾಯಿಯ ಪಕ್ಕೆಲುಬು ಎದ್ದಿತ್ತು. ಅದರ ಹಸಿವು ಆ ಮಹನೀಯರಲ್ಲಿ ಒಬ್ಬರಿಗೂ ಕಾಣಲಿಲ್ಲ.

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಮಾವ ಭೂತವನ್ನು ಸಂತೋಷದಿಂದ ಒಪ್ಪಿಕೊಂಡರು. "ನಾಳೆ ಗೋಣಿಯಲ್ಲಿ ಕಟ್ಟಿ ಉದ್ಯಾವರ ಹೊಳೆಗೆ ಹಾಕಲು ಆಳಿಗೆ ಹೇಳಿದ್ದೇನೆ," ಎಂದರು. ಆ ಕ್ಷಣ ಅವರ ಮೇಲೆ ನನಗೆ ಹುಟ್ಟಿದ ಅಸಹ್ಯ ಇಂದಿಗೂ ಹೋಗಿಲ್ಲ.

ಮರುದಿನ ಬೆಳಿಗ್ಗೆ ಮಾವ ಸ್ನಾನಕ್ಕೆ ಹೋದಾಗ ಅಮ್ಮ ಅದೇ ಗೋಣಿಯಲ್ಲಿ ನಾಯಿಯನ್ನು ಸುತ್ತಿ ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಹೆದ್ದಾರಿಗೆ ನಡೆದಳು. ಬಸ್ಸಿನವರು ಹತ್ತಿಸಲಿಲ್ಲ. ಉಡುಪಿಗೆ ಹೋಗುವ ಮೀನಿನ ಟೆಂಪೊ ಸಿಕ್ಕಿತು.

ಉಡುಪಿಯ ದನದ ಡಾಕ್ಟರು ಕುತ್ತಿಗೆಯ ತೂತನ್ನು ನೋಡಿದರು. "ಅನ್ನನಾಳ ಹರಿದು ಚರ್ಮದವರೆಗೆ ದಾರಿಯಾಗಿದೆ ಅಮ್ಮ. ಒಳಗೆ ಮೂಳೆ ಉಂಟು. ಅದರ ಮೇಲಿಂದ ಎಂತದಾದರೂ ಹಾಕಿ ಒತ್ತಿದಿರಾ?"

"ಅನ್ನದ ಉಂಡೆ," ಎಂದಳು ಅಮ್ಮ.

"ಬಾಳೆಹಣ್ಣು?"

"ಅದೂ ಉಂಟು."

ಡಾಕ್ಟರು ಆಶ್ಚರ್ಯಪಡಲಿಲ್ಲ. ಮನೆಗೊಬ್ಬ ಮಾವ ಇರುತ್ತಾನೆಂದು ಅವರಿಗೆ ಗೊತ್ತಿದ್ದಿರಬೇಕು.

ಮೂಳೆ ತೆಗೆದು ಹೊಲಿದರು. ಹೊಲಿಗೆ ಒಮ್ಮೆ ಬಿಟ್ಟುಕೊಂಡಿತು, ಮತ್ತೆ ಹೊಲಿದರು. ಅಷ್ಟು ದಿನವೂ ಅಮ್ಮ ಉಡುಪಿಯ ದೊಡ್ಡಮ್ಮನ ಮನೆಯಲ್ಲಿ ನಿಂತು ಡಾಕ್ಟರು ಹೇಳಿದಂತೆ ನಾಯಿಯನ್ನು ನೋಡಿಕೊಂಡಳು. ಕಾಪುವಿನಲ್ಲಿ ಮಾವ ತಮ್ಮ ಚಹಾ ತಾವೇ ಕಾಸಿಕೊಂಡರಂತೆ.

ನಾವು ಮರಳಿದ ಮೇಲಿನ ಭಾನುವಾರವೂ ಕೋಳಿಯೇ. ತಮ್ಮ ಉಂಡೆಯಿಂದಲೇ ನಾಯಿ ಬದುಕಿತೆಂದು ಬಂದವರಿಗೆ ಹೇಳುತ್ತ ಮಾವ ಊಟಕ್ಕೆ ಕುಳಿತರು. ಡಾಕ್ಟರು ಕಾಗದದಲ್ಲಿ ಸುತ್ತಿ ಕೊಟ್ಟಿದ್ದ ಮೂಳೆಯನ್ನು ಅಮ್ಮ ತೊಳೆದು ತಂದು ಅವರ ಬಟ್ಟಲಿನ ಪಕ್ಕದಲ್ಲಿಟ್ಟಳು.

"ಎಂತ ಇದು?"

"ನಾಯಿಗೆ ಕರಗಲಿಲ್ಲ ಅಣ್ಣ. ನಿಮಗೆ ಕರಗುತ್ತದಾ ನೋಡಿ."

ಮಾವ ಊಟ ಬಿಟ್ಟು ಎದ್ದರು. ಅಂಗಳದಲ್ಲಿ ನಾಯಿ ಗಂಜಿ ಕುಡಿದು ತಟ್ಟೆ ನೆಕ್ಕಿತು. ಕುತ್ತಿಗೆಯಿಂದ ಒಂದು ಹನಿಯೂ ಬೀಳಲಿಲ್ಲ.